ಹೆಪ್ಪು ಹಾಕದೆ ಹುದುಗುವ ಬಿಯರ್

ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಮೊಸರು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ಹಾಲೆಲ್ಲ ಮೊಸರಾಗುತ್ತದೆ. ಹೆಪ್ಪಿನಲ್ಲಿದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಹಾಲಿನಲ್ಲಿ ವೃದ್ಧಿಯಾದದ್ದೇ ಇದಕ್ಕೆ ಕಾರಣವೆಂದು ನಿಮಗೆ ಗೊತ್ತು. ಇಡ್ಲಿ ಹಿಟ್ಟಿಗೆ ಮಾತ್ರ ಯಾರೂ ಹೆಪ್ಪು ಹಾಕುವುದಿಲ್ಲ. ಅಕ್ಕಿ, ಉದ್ದು ನೆನೆಸಿ, ರುಬ್ಬಿ, ಉಪ್ಪು ಬೆರೆಸಿ ಮುಚ್ಚಿಟ್ಟರೆ ಸಾಕು. ಮರುದಿನ ಹಿಟ್ಟು ಉಬ್ಬಿ ಹುಳಿಯಾಗಿರುತ್ತದೆ. ಬೇಕಾದ ಸೂಕ್ಷ್ಮಜೀವಿಗಳು ಕಾಳಿನ ಜೊತೆಯಲ್ಲೇ ಬಂದಿರುತ್ತವೆ. ಹೊರಗಿನಿಂದ ಹೆಪ್ಪು ಸೇರಿಸದೆ ತಾನಾಗಿಯೇ ನಡೆಯುವ ಇಂಥ ಕ್ರಿಯೆಗೆ ಸ್ವಯಂ ಹುದುಗುವಿಕೆ ಎಂದು ಹೆಸರು.

ಈಗ ಪ್ರಶ್ನೆಯನ್ನು ಸ್ವಲ್ಪ ಕಠಿಣ ಮಾಡೋಣ. ಧಾನ್ಯದಿಂದ ತೆಗೆದ ಸಿಹಿ ರಸವನ್ನು ಗಂಟೆಗಟ್ಟಲೆ ಕುದಿಸಿದರೆ ಅದರಲ್ಲಿದ್ದ ಯೀಸ್ಟ್ ಮತ್ತು ಹುದುಗುವ ಬ್ಯಾಕ್ಟೀರಿಯಗಳೆಲ್ಲ ಸತ್ತುಹೋಗುತ್ತವೆ. ಆ ರಸಕ್ಕೆ ಯಾವ ಯೀಸ್ಟನ್ನೂ ಸೇರಿಸದೆ ಮರದ ಪೀಪಾಯಿಯಲ್ಲಿ ತುಂಬಿಡಿ. ಅದು ಕೆಡದೆ, ಒಂದು ಗೊತ್ತಾದ ಕ್ರಮದಲ್ಲಿ ಹುದುಗಿ, ಮೂರು ವರ್ಷದ ನಂತರವೂ ಕುಡಿಯಲು ಯೋಗ್ಯವಾದ ಪಾನೀಯವಾದರೆ ಅದಕ್ಕೆ ಹೆಪ್ಪು ಇಟ್ಟವರು ಯಾರು? ಬೆಲ್ಜಿಯಂ ದೇಶದ ಲ್ಯಾಂಬಿಕ್ ಎಂಬ ಬಿಯರ್ ಕೇಳುವ ಪ್ರಶ್ನೆ ಇದು.

ಮದ್ಯದ ವಿಷಯ ತರಗತಿಗೇಕೆ ಎಂದು ಕೆಲವು ಅಧ್ಯಾಪಕರು ಹುಬ್ಬೇರಿಸಬಹುದು. ಸೂಕ್ಷ್ಮಜೀವಿ ವಿಜ್ಞಾನ ಬೆಳೆದದ್ದರಲ್ಲಿ ಬಿಯರ್ ಮತ್ತು ವೈನ್ ಪೀಪಾಯಿಗಳ ಪಾಲು ಸಣ್ಣದಲ್ಲ. ಲೂಯಿ ಪಾಶ್ಚರ್ ಅವರು 1876ರಲ್ಲಿ ಬಿಯರ್ ಕುರಿತೇ ಒಂದು ಗ್ರಂಥ ಪ್ರಕಟಿಸಿದರು. ಪ್ರಯೋಗಶಾಲೆಯಲ್ಲಿ ನಾವು ದಿನವೂ ಬಳಸುವ ಪಿಎಚ್ ಮಾನವನ್ನು 1909ರಲ್ಲಿ ಸೋರೆನ್‌ಸನ್ ಅವರು ರೂಪಿಸಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅದೇ ಪ್ರಯೋಗಾಲಯದಲ್ಲಿ 1883ರಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಅವರು ಒಂದೇ ಒಂದು ಯೀಸ್ಟ್ ಕೋಶದಿಂದ ಇಡೀ ಸಂತತಿಯನ್ನು ಬೆಳೆಸಿ, ಆ ಶುದ್ಧ ಕೃಷಿಯನ್ನು ಬಿಯರ್ ತಯಾರಿಕೆಗೆ ಒದಗಿಸಿದರು. ಅಲ್ಲಿಂದೀಚೆಗೆ ಪ್ರಪಂಚದ ಬಹುಪಾಲು ಬಿಯರ್ ಆಯ್ದ ಒಂದು ಯೀಸ್ಟಿನ ಕೆಲಸ. ಬೇರೆ ಯಾವ ಜೀವಿ ಒಳಹೊಕ್ಕರೂ ಅದು ಸೋಂಕು. ಲ್ಯಾಂಬಿಕ್ ತಯಾರಕರು ಮಾತ್ರ ಹ್ಯಾನ್ಸೆನ್ನರ ಹಿಂದಿನ ಕಾಲದ ದಾರಿಯನ್ನೇ ಹಿಡಿದು ಉಳಿದರು.

ತೆರೆದ ತೊಟ್ಟಿಯಲ್ಲಿ ಒಂದು ರಾತ್ರಿ

ಬ್ರಸೆಲ್ಸ್ ನಗರ, ಅದರ ಪಕ್ಕದ ಪಾಯೊಟನ್‌ಲ್ಯಾಂಡ್ ಎಂಬ ಹಳ್ಳಿಗಾಡು, ಅಲ್ಲಿ ಹರಿಯುವ ಸೆನ್ ಎಂಬ ಚಿಕ್ಕ ನದಿಯ ಕಣಿವೆ - ಇದು ಲ್ಯಾಂಬಿಕ್‌ನ ತವರು. ಬ್ರಸೆಲ್ಸ್‌ನ ಆಂಡರ್‌ಲೆಕ್ಟ್ ಭಾಗದಲ್ಲಿ ಕಾಂಟಿಯೋನ್ ಎಂಬ ಪುಟ್ಟ ಬ್ರೂವರಿ ಇದೆ. 1900ರಲ್ಲಿ ಪ್ರಾರಂಭವಾಗಿ ಇಂದಿಗೂ ಒಂದೇ ಬಂಧುವರ್ಗದ ಕೈಯಲ್ಲಿದೆ. 1978ರಿಂದ ಅದು ವಸ್ತುಸಂಗ್ರಹಾಲಯವೂ ಹೌದು. ಹಳೆಯ ಯಂತ್ರಗಳು ಕೆಲಸ ಮಾಡುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಈ ಲೇಖನದ ವಿವರಗಳಲ್ಲಿ ಹೆಚ್ಚಿನವು ಅಲ್ಲಿಯವು.

ಕಚ್ಚಾ ಸಾಮಗ್ರಿ ಸರಳ. ಶೇಕಡ 65ರಷ್ಟು ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಶೇಕಡ 35ರಷ್ಟು ಮೊಳಕೆ ಬರಿಸದ ಗೋಧಿ. ಮೊಳಕೆಯಲ್ಲಿ ಅಮೈಲೇಸ್ ಕಿಣ್ವಗಳಿರುತ್ತವೆ. ಬಿಸಿನೀರಿನಲ್ಲಿ ಕಲಸಿದಾಗ ಅವು ಪಿಷ್ಟದ ಉದ್ದ ಸರಪಳಿಗಳನ್ನು ಕತ್ತರಿಸಿ ಮಾಲ್ಟೋಸ್ ಮೊದಲಾದ ಸಕ್ಕರೆಗಳನ್ನಾಗಿ ಮಾಡುತ್ತವೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಮಗುವಿಗೆ ಸರಿ ಮಾಡುವ ತಾಯಂದಿರು ಬಳಸುವುದೂ ಇದೇ ಕಿಣ್ವಗಳನ್ನು. ಸಾಮಾನ್ಯ ಬಿಯರಿನಲ್ಲಿ ಪಿಷ್ಟದ ಹೆಚ್ಚಿನ ಭಾಗ ಸಕ್ಕರೆಯಾಗುವವರೆಗೆ ಕಾಯುತ್ತಾರೆ. ಲ್ಯಾಂಬಿಕ್‌ನಲ್ಲಿ ಹಾಗಲ್ಲ. ಕಲಸಿದ ಮಬ್ಬು ದ್ರವದ ಒಂದಂಶವನ್ನು ನಡುವೆಯೇ ಹೊರತೆಗೆದು ಕುದಿಯುವಷ್ಟು ಕಾಯಿಸುತ್ತಾರೆ. ಅದರಲ್ಲಿನ ಕಿಣ್ವಗಳು ನಿಷ್ಕ್ರಿಯವಾಗಿ, ಪಿಷ್ಟದ ಅರ್ಧಂಬರ್ಧ ಕತ್ತರಿಸಿದ ತುಂಡುಗಳು, ಅಂದರೆ ಡೆಕ್ಸ್‌ಟ್ರಿನ್‌ಗಳು, ಹಾಗೆಯೇ ಉಳಿದುಬಿಡುತ್ತವೆ. ಸಾಧಾರಣ ಯೀಸ್ಟಿಗೆ ಈ ತುಂಡುಗಳು ದಕ್ಕುವುದಿಲ್ಲ. ಮೂರು ಗ್ಲುಕೋಸ್ ಕೊಂಡಿಗಳಿರುವ ಮಾಲ್ಟೊಟ್ರಯೋಸ್‌ವರೆಗೆ ಅದರ ಹಲ್ಲು ಓಡುತ್ತದೆ, ಅದಕ್ಕಿಂತ ಉದ್ದದ್ದಕ್ಕೆ ಇಲ್ಲ. ದಕ್ಕದ ಆಹಾರವನ್ನು ಬೇಕೆಂದೇ ಏಕೆ ಉಳಿಸಬೇಕು? ಇದಕ್ಕೆ ಉತ್ತರ ಪೀಪಾಯಿಯಲ್ಲಿ ಒಂದು ವರ್ಷ ಕಳೆದ ಮೇಲೆ ಸಿಗುತ್ತದೆ.

ರಸಕ್ಕೆ ಹಾಪ್ಸ್ ಬಳ್ಳಿಯ ಒಣ ಹೂಗೊಂಚಲು ಹಾಕಿ ಕುದಿಸುತ್ತಾರೆ. ಬೇರೆ ಬಿಯರಿನವರು ಕಹಿ ಮತ್ತು ಪರಿಮಳಕ್ಕಾಗಿ ಹೊಸ ಹಾಪ್ಸ್ ಹುಡುಕಿದರೆ ಇಲ್ಲಿ ಮೂರು ವರ್ಷ ಹಳೆಯದೇ ಬೇಕು. ಹಳೆಯದಾದಂತೆ ಹಾಪ್ಸಿನ ಕಹಿ ಆಮ್ಲಗಳು ಉತ್ಕರ್ಷಣೆಗೊಂಡು ಕಹಿ ಇಳಿಯುತ್ತದೆ; ಗ್ರಾಂ-ಧನ ಬ್ಯಾಕ್ಟೀರಿಯಗಳನ್ನು ತಡೆಯುವ ಗುಣ ಮಾತ್ರ ಸಾಕಷ್ಟು ಉಳಿದಿರುತ್ತದೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಗ್ರಾಂ-ಧನ ಗುಂಪಿನವು. ಅವು ಮೊದಲ ದಿನವೇ ಏರಿ ಎಲ್ಲವನ್ನೂ ಹುಳಿ ಮಾಡಿಬಿಡದಂತೆ ಹಿಡಿಯುವ ಕಡಿವಾಣ ಇದು. ಕುದಿತ ಮೂರು-ನಾಲ್ಕು ಗಂಟೆ ನಡೆದು, ಸುಮಾರು 10,000 ಲೀಟರ್ ರಸ ಬತ್ತಿ ಸುಮಾರು 7,500 ಲೀಟರಿಗೆ ಇಳಿಯುತ್ತದೆ.

ಆಮೇಲಿನದೇ ವಿಶೇಷ. ಕುದಿಯುವ ರಸವನ್ನು ಕಟ್ಟಡದ ಅಟ್ಟಕ್ಕೆ ಏರಿಸಿ, ಅಗಲವಾದ, ಆಳವಿಲ್ಲದ, ಮುಚ್ಚಳವಿಲ್ಲದ ತಾಮ್ರದ ತೊಟ್ಟಿಗೆ ಬಿಡುತ್ತಾರೆ. ಇದಕ್ಕೆ ಕೂಲ್‌ಶಿಪ್ ಎಂದು ಹೆಸರು. ಮಾಡಿನ ಸಂದುಗಳಿಂದ ಬರುವ ಚಳಿಗಾಳಿಗೆ ಅದು ರಾತ್ರಿಯೆಲ್ಲ ಒಡ್ಡಿಕೊಂಡಿದ್ದು, ಬೆಳಗಾಗುವ ಹೊತ್ತಿಗೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿರುತ್ತದೆ. ಆಗ ಅದನ್ನು ಓಕ್ ಮರದ ಪೀಪಾಯಿಗಳಿಗೆ ತುಂಬುತ್ತಾರೆ. ಬಹುಪಾಲು ಪೀಪಾಯಿಗಳು ಹಿಂದೆ ವೈನ್ ಇಟ್ಟು ಹಳತಾದವು. ಅಲ್ಲಿಗೆ ಮನುಷ್ಯರ ಕೆಲಸ ಬಹುಮಟ್ಟಿಗೆ ಮುಗಿಯಿತು. ಕೆಲವೇ ದಿನಗಳಲ್ಲಿ ಪೀಪಾಯಿಯ ಬಾಯಿಯಿಂದ ನೊರೆ ಉಕ್ಕಲಾರಂಭಿಸುತ್ತದೆ.

ಪೀಪಾಯಿಯೊಳಗಿನ ಸರದಿ

2014ರಲ್ಲಿ ಗೆಂಟ್ ವಿಶ್ವವಿದ್ಯಾಲಯದ ಸ್ಪಿಟಾಲ್ಸ್ ಮತ್ತು ಸಂಗಡಿಗರು ಕಾಂಟಿಯೋನ್‌ನ ಎರಡು ಕಂತುಗಳನ್ನು ಎರಡು ವರ್ಷ ಬೆನ್ನುಹತ್ತಿದ ಅಧ್ಯಯನವನ್ನು ಪ್ರಕಟಿಸಿದರು. ಪೀಪಾಯಿಗಳಿಂದ ಮತ್ತೆ ಮತ್ತೆ ಮಾದರಿ ತೆಗೆದು, 2,000ಕ್ಕೂ ಹೆಚ್ಚು ಬ್ಯಾಕ್ಟೀರಿಯ ಮತ್ತು ಯೀಸ್ಟ್ ವಸಾಹತುಗಳನ್ನು ಬೇರ್ಪಡಿಸಿ ಗುರುತಿಸಿದರು. ಲೂವೆನ್ ವಿಶ್ವವಿದ್ಯಾಲಯದವರು 1970ರ ದಶಕದಲ್ಲಿ ಹಳೆಯ ವಿಧಾನಗಳಿಂದ ಕಂಡುಕೊಂಡಿದ್ದ ಚಿತ್ರವೇ ಇಲ್ಲಿ ಹೆಚ್ಚು ಸ್ಪಷ್ಟವಾಗಿ ಮೂಡಿತು. ಸ್ವಯಂ ಹುದುಗುವಿಕೆ ಎಂದರೆ ಸಿಕ್ಕಿದ್ದೆಲ್ಲ ಸೇರಿ ನಡೆಸುವ ಸಂತೆಯಲ್ಲ. ಅದಕ್ಕೊಂದು ಸರದಿ ಇದೆ.

ಮೊದಲು ಬರುವವು ಎಂಟರೋಬ್ಯಾಕ್ಟೀರಿಯ ಕುಟುಂಬದವು. ನಮ್ಮ ಕರುಳಿನ ಇ. ಕೋಲಿಯ ನೆಂಟರು ಎನ್ನಿ. ಇವು ಗ್ರಾಂ-ಋಣ ಗುಂಪಿನವಾದ್ದರಿಂದ ಹಾಪ್ಸಿಗೆ ಜಗ್ಗುವುದಿಲ್ಲ. ಗ್ಲುಕೋಸ್ ತಿಂದು ವೇಗವಾಗಿ ಬೆಳೆದು ಸುಮಾರು ಒಂದು ತಿಂಗಳು ಮೆರೆಯುತ್ತವೆ. ಈ ಹಂತದ ದ್ರವಕ್ಕೆ ಹಿತವಲ್ಲದ ವಾಸನೆ; ಕುಡಿಯಲೂ ತಕ್ಕದ್ದಲ್ಲ. ತಾವು ಉತ್ಪಾದಿಸಿದ ಆಮ್ಲಗಳಿಂದ ಪಿಎಚ್ ಇಳಿಯುತ್ತದೆ, ಇತ್ತ ಯೀಸ್ಟ್ ತಯಾರಿಸುವ ಎಥನಾಲ್ ಏರುತ್ತದೆ. ಎರಡನ್ನೂ ತಾಳಲಾರದೆ ಇವು ಅಳಿಯುತ್ತವೆ. ಕೆಲವು ತಯಾರಕರು ಈ ಹಂತವೇ ಬೇಡವೆಂದು ರಸಕ್ಕೆ ಮೊದಲೇ ಲ್ಯಾಕ್ಟಿಕ್ ಆಮ್ಲ ಬೆರೆಸಿ ಪಿಎಚ್ ತಗ್ಗಿಸುವುದುಂಟು.

ಎರಡನೆಯ ಪಾಳಿ ಸ್ಯಾಕರೊಮೈಸಿಸ್ ಯೀಸ್ಟಿನದು. ಬ್ರೆಡ್ಡಿನ ಹಿಟ್ಟು ಉಬ್ಬಿಸುವುದೂ ಇದೇ ಜಾತಿ. ಕೆಲವು ತಿಂಗಳಲ್ಲಿ ಅದು ತನಗೆ ದಕ್ಕುವ ಸಕ್ಕರೆಯನ್ನೆಲ್ಲ ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಪರಿವರ್ತಿಸಿ ಹಸಿದು ತಳ ಸೇರುತ್ತದೆ. ಸತ್ತ ಕೋಶಗಳಿಂದ ಅಮೈನೊ ಆಮ್ಲಗಳು, ವಿಟಮಿನ್‌ಗಳು ಸೋರಿ ಮುಂದೆ ಬರುವವರಿಗೆ ಊಟವಾಗುತ್ತವೆ.

ಅದೇ ಹೊತ್ತಿಗೆ ಪೆಡಿಯೊಕಾಕಸ್ ಡ್ಯಾಮ್ನೋಸಸ್ ಎಂಬ ಲ್ಯಾಕ್ಟಿಕ್ ಬ್ಯಾಕ್ಟೀರಿಯ ನಿಧಾನವಾಗಿ ಮೇಲೇಳುತ್ತದೆ. ಹಾಪ್ಸನ್ನು ತಡೆದುಕೊಳ್ಳಬಲ್ಲ ಜಾತಿ ಇದು. ಹೆಸರಿನ ಉತ್ತರಾರ್ಧಕ್ಕೆ ಲ್ಯಾಟಿನ್ನಿನಲ್ಲಿ ‘ಹಾನಿಕರ’ ಎಂದರ್ಥ. ಸಾಮಾನ್ಯ ಬಿಯರನ್ನು ಕೆಡಿಸುವುದು ಇದರ ಕಸುಬಾದ್ದರಿಂದ ಆ ಹೆಸರು. ಇಲ್ಲಿ ಮಾತ್ರ ಲ್ಯಾಂಬಿಕ್‌ಗೆ ಬೇಕಾದ ಹುಳಿಯನ್ನು ಕೊಡುವುದೇ ಇದು. ಪಿಎಚ್ ಕ್ರಮೇಣ 3.5ರ ಆಸುಪಾಸಿಗೆ ಇಳಿಯುತ್ತದೆ. ಕೆಲವು ಸಲ ಈ ಬ್ಯಾಕ್ಟೀರಿಯ ಸಕ್ಕರೆ ಕೊಂಡಿಗಳನ್ನು ಹೆಣೆದು ಲೋಳೆ ಸುರಿಸುತ್ತದೆ. ಹಳಸಿದ ಸಾರು ಎಳೆ ಎಳೆಯಾಗಿ ಜಾರುವುದನ್ನು ಕಂಡಿದ್ದೀರಲ್ಲ, ಬಿಯರೂ ಹಾಗೆಯೇ ಆಗುತ್ತದೆ. ಬೇರೆ ಬ್ರೂವರಿಯಲ್ಲಾದರೆ ಚರಂಡಿಗೆ ಸುರಿಯುತ್ತಿದ್ದರು. ಲ್ಯಾಂಬಿಕ್ ತಯಾರಕರು ಇದಕ್ಕೆ ‘ಕಾಯಿಲೆ ಬಿದ್ದಿದೆ’ ಎನ್ನುತ್ತಾರೆ, ವಾಸಿಯಾಗುವುದನ್ನು ಕಾಯುತ್ತಾರೆ.

ವಾಸಿ ಮಾಡುವುದು ಕೊನೆಯ ಪಾಳಿಯ ಬ್ರೆಟ್ಟನೊಮೈಸಿಸ್. ಇದರ ಕಥೆ ಸ್ವಾರಸ್ಯವಾಗಿದೆ. 1904ರಲ್ಲಿ ಕಾರ್ಲ್ಸ್‌ಬರ್ಗ್‌ನ ಕ್ಲೌಸೆನ್ ಅವರು ಪೀಪಾಯಿಗಳಲ್ಲಿ ಬಹುಕಾಲ ಇಡುತ್ತಿದ್ದ ಇಂಗ್ಲಿಷ್ ಬಿಯರುಗಳಲ್ಲಿ ಈ ಯೀಸ್ಟನ್ನು ಕಂಡು ‘ಬ್ರಿಟಿಷ್ ಶಿಲೀಂಧ್ರ’ ಎಂಬರ್ಥದ ಹೆಸರಿಟ್ಟರು. 1921ರಲ್ಲಿ ಕುಫರಾತ್ ಮತ್ತು ವಾನ್ ಲೇರ್ ಅವರು ಲ್ಯಾಂಬಿಕ್‌ನಿಂದ ಇದೇ ಕುಲದ ಯೀಸ್ಟನ್ನು ಬೇರ್ಪಡಿಸಿದ ಮೇಲೆ ಬ್ರಸೆಲ್ಸ್ ನಗರದ ಹೆಸರೂ ಸೇರಿ ಅದು ಬ್ರೆಟ್ಟನೊಮೈಸಿಸ್ ಬ್ರಕ್ಸೆಲೆನ್ಸಿಸ್ ಆಯಿತು. ಹೀಗೆ ಒಂದು ಯೀಸ್ಟಿನ ಹೆಸರಿನಲ್ಲಿ ಎರಡು ದೇಶಗಳು ಕೂಡಿವೆ. ಗೆಂಟ್ ಅಧ್ಯಯನದಲ್ಲಿ ಆರನೆಯ ತಿಂಗಳ ಹೊತ್ತಿಗೆ ಇದು ಸ್ಯಾಕರೊಮೈಸಿಸ್‌ನ ಜಾಗವನ್ನು ಆಕ್ರಮಿಸಿತ್ತು.

ಮೊದಲು ಬೇಕೆಂದೇ ಉಳಿಸಿದ ಡೆಕ್ಸ್‌ಟ್ರಿನ್‌ಗಳ ಗುಟ್ಟು ಇಲ್ಲಿ ಬಿಡುತ್ತದೆ. ಬ್ರೆಟ್ಟನೊಮೈಸಿಸ್‌ನ ಕಿಣ್ವಗಳು ಆ ಉದ್ದ ತುಂಡುಗಳನ್ನೂ ಕತ್ತರಿಸಬಲ್ಲವು. ಬೇರೆಯವರು ಎಲೆ ಎತ್ತಿ ಹೋದ ಮೇಲೆ ಇದು ನಿಧಾನವಾಗಿ ವರ್ಷಗಟ್ಟಲೆ ಉಣ್ಣುತ್ತದೆ. ಪೆಡಿಯೊಕಾಕಸ್ ಸುರಿಸಿದ ಲೋಳೆಯೂ ಈ ಹಂತದಲ್ಲಿ ಕರಗಿ ದ್ರವ ತಿಳಿಯಾಗುತ್ತದೆ. ಧಾನ್ಯದ ಸಿಪ್ಪೆಯಿಂದ ಬಂದ ಫೆರುಲಿಕ್ ಆಮ್ಲ ಮುಂತಾದವನ್ನು ಎಥಿಲ್ ಫೀನಾಲ್‌ಗಳಾಗಿ ಬದಲಿಸುವುದು ಇದರ ಇನ್ನೊಂದು ಕೆಲಸ. ತೊಗಲು, ಕುದುರೆ ಲಾಯ ಇವುಗಳನ್ನು ನೆನಪಿಸುವ ವಾಸನೆ ಅವುಗಳದು. ವೈನ್ ತಯಾರಕರಿಗೆ ಇದು ದೋಷ, ಲ್ಯಾಂಬಿಕ್ ತಯಾರಕರಿಗೆ ಗುಣ. ಯಾವುದು ಕೆಡುಕು, ಯಾವುದು ಹದ ಎಂಬುದನ್ನು ಸೂಕ್ಷ್ಮದರ್ಶಕ ಹೇಳಲಾರದು.

ಈ ಯೀಸ್ಟಿನಲ್ಲಿ ಪಠ್ಯಪುಸ್ತಕಕ್ಕೆ ತಿರುಗೇಟು ಕೊಡುವ ಒಂದು ಗುಣವಿದೆ. ಆಮ್ಲಜನಕ ಸಿಕ್ಕಿದರೆ ಯೀಸ್ಟ್ ಹುದುಗಿಸುವುದನ್ನು ತಗ್ಗಿಸಿ ಉಸಿರಾಟಕ್ಕೆ ತಿರುಗುತ್ತದೆ ಎಂಬ ಪಾಶ್ಚರ್ ಪರಿಣಾಮವನ್ನು ನೀವು ಓದಿದ್ದೀರಿ, ಬೋಧಿಸಿದ್ದೀರಿ. ಬ್ರೆಟ್ಟನೊಮೈಸಿಸ್ ಇದಕ್ಕೆ ವಿರುದ್ಧ. ಆಮ್ಲಜನಕ ಪೂರ್ತಿ ಇಲ್ಲದಿದ್ದರೆ ಅದರ ಹುದುಗುವಿಕೆ ಕುಂಟುತ್ತದೆ, ಚೂರು ಆಮ್ಲಜನಕ ದೊರೆತರೆ ಚುರುಕಾಗುತ್ತದೆ. 1940ರಲ್ಲಿ ಈ ಯೀಸ್ಟುಗಳನ್ನು ವಿವರವಾಗಿ ಅಭ್ಯಸಿಸಿದ ಕಸ್ಟರ್ಸ್ ಅವರ ಹೆಸರಿನಿಂದ ಇದನ್ನು ಕಸ್ಟರ್ಸ್ ಪರಿಣಾಮ ಎನ್ನುತ್ತಾರೆ. ಮರದ ಪೀಪಾಯಿ ಇಲ್ಲಿ ಕೇವಲ ಪಾತ್ರೆಯಲ್ಲ. ಓಕ್ ಹಲಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಆಮ್ಲಜನಕ ಅತಿ ಅಲ್ಪ ಪ್ರಮಾಣದಲ್ಲಿ ಒಳಗೆ ಜಿನುಗುತ್ತಿರುತ್ತದೆ. ಹೆಚ್ಚಾದರೆ ಅಪಾಯ, ಅಸಿಟಿಕ್ ಬ್ಯಾಕ್ಟೀರಿಯಗಳು ಎಥನಾಲನ್ನು ವಿನಿಗರ್ ಮಾಡಿಬಿಡುತ್ತವೆ. ದ್ರವದ ಮೇಲೆ ಯೀಸ್ಟುಗಳು ಕಟ್ಟುವ ತೆಳು ಕೆನೆ ಅದನ್ನು ಕೊಂಚ ತಡೆಯುತ್ತದೆ. ಅಂದಹಾಗೆ, ಗೆಂಟ್ ತಂಡಕ್ಕೆ ಅಲ್ಲಿಯವರೆಗೆ ವಿಜ್ಞಾನಕ್ಕೆ ತಿಳಿಯದಿದ್ದ ಒಂದು ಅಸಿಟಿಕ್ ಬ್ಯಾಕ್ಟೀರಿಯ ಲ್ಯಾಂಬಿಕ್‌ನಲ್ಲೇ ಸಿಕ್ಕಿತು. ಅದಕ್ಕೆ ಅಸಿಟೊಬ್ಯಾಕ್ಟರ್ ಲ್ಯಾಂಬಿಸಿ ಎಂದು ನಾಮಕರಣವಾಯಿತು.

ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದರೆ ಗೂಜ್ ಎಂಬ ನೊರೆಯುಕ್ಕುವ ಪಾನೀಯವಾಗುತ್ತದೆ. ಎಳೆಯದರಲ್ಲಿ ಉಳಿದ ಸಕ್ಕರೆ ಬಾಟಲಿಯೊಳಗೆ ಮತ್ತೆ ಹುದುಗಿ ಅನಿಲ ಕೊಡುತ್ತದೆ, ಹಳೆಯದು ಪರಿಮಳ ಕೊಡುತ್ತದೆ.

ಪರಿಸರ ವಿಜ್ಞಾನದ ಪಾಠದಲ್ಲಿ ಅನುಕ್ರಮಣವನ್ನು ಹೇಳುವಾಗ ಬಂಡೆಯ ಮೇಲೆ ಕಲ್ಲುಹೂ, ಅನಂತರ ಹಾವಸೆ, ಹುಲ್ಲು, ಪೊದೆ, ಮರ ಎಂದು ಉದಾಹರಿಸುತ್ತೇವೆ. ಅದನ್ನು ನೋಡಿ ಮುಗಿಸಲು ಮನುಷ್ಯನ ಆಯುಷ್ಯ ಸಾಲದು. ಪೀಪಾಯಿಯಲ್ಲಿ ಅದೇ ನಾಟಕ ಎರಡು-ಮೂರು ವರ್ಷದಲ್ಲಿ ಮುಗಿಯುತ್ತದೆ. ಇಡ್ಲಿ ಹಿಟ್ಟಿನಲ್ಲಿ ಒಂದೇ ರಾತ್ರಿ! ಹಿಟ್ಟನ್ನು ಉಬ್ಬಿಸುವ ಲ್ಯೂಕೊನಾಸ್ಟಾಕ್ ಮೊದಲು, ಅದರ ಜೊತೆಗೆ ಈಗ ಎಂಟರೊಕಾಕಸ್ ಎಂದು ಕರೆಯುವ ಬ್ಯಾಕ್ಟೀರಿಯ, ಹುಳಿ ಏರಿದ ಮೇಲೆ ಪೆಡಿಯೊಕಾಕಸ್ ಎಂದು 1965ರಷ್ಟು ಹಿಂದೆಯೇ ವರದಿಯಾಗಿದೆ. ಬ್ರಸೆಲ್ಸ್‌ನ ಪೀಪಾಯಿಯಲ್ಲೂ ನಮ್ಮ ಅಡುಗೆಮನೆಯಲ್ಲೂ ಪೆಡಿಯೊಕಾಕಸ್ ಬರುವುದು ತಡವಾಗಿಯೇ, ಹುಳಿಯನ್ನು ತಾಳುವ ಶಕ್ತಿಯಿಂದಲೇ.

ಹಾಗಾದರೆ ಹೆಪ್ಪು ಬಂದದ್ದೆಲ್ಲಿಂದ?

ಸೆನ್ ಕಣಿವೆಯ ಗಾಳಿಯಲ್ಲಿ ಮಾತ್ರ ಇರುವ ಕಾಡು ಯೀಸ್ಟುಗಳು ರಾತ್ರಿ ತೊಟ್ಟಿಗೆ ಇಳಿಯುತ್ತವೆ; ಆದ್ದರಿಂದಲೇ ಬೇರೆಲ್ಲೂ ಲ್ಯಾಂಬಿಕ್ ಸಾಧ್ಯವಿಲ್ಲ - ಇದು ಬಹಳ ಕಾಲದಿಂದ ನಡೆದುಬಂದ ನಂಬಿಕೆ. ಕೇಳಲು ಚೆನ್ನಾಗಿದೆ. ಆದರೆ 2012ರಲ್ಲಿ ಬೊಕುಲಿಚ್, ಬ್ಯಾಮ್‌ಫೋರ್ತ್ ಮತ್ತು ಮಿಲ್ಸ್ ಅವರು ಅಮೆರಿಕದ ಈಶಾನ್ಯ ಭಾಗದ ಒಂದು ಬ್ರೂವರಿಯಲ್ಲಿ ಇದೇ ವಿಧಾನದಿಂದ ತಯಾರಾದ ಬಿಯರನ್ನು ಪರೀಕ್ಷಿಸಿದಾಗ ಸರದಿ ಬಹುಮಟ್ಟಿಗೆ ಅದೇ ಆಗಿತ್ತು: ಎಂಟರೋಬ್ಯಾಕ್ಟೀರಿಯ, ಆಮೇಲೆ ಸ್ಯಾಕರೊಮೈಸಿಸ್ ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯ, ಕೊನೆಗೆ ಬ್ರೆಟ್ಟನೊಮೈಸಿಸ್. ಕಣಿವೆ ಬೇರೆ, ಸಾಗರದಾಚೆಯ ಗಾಳಿ ಬೇರೆ. ಬ್ರೂವರಿಯ ಕಟ್ಟಡದಲ್ಲೇ ನೆಲೆಸಿರುವ ಜೀವಿಗಳು ಈ ಕೆಲಸ ಮಾಡುತ್ತವೆಂದು ಅವರು ತೀರ್ಮಾನಿಸಿದರು.

ಎರಡನೆಯ ಸುಳಿವು ಪೀಪಾಯಿಯಿಂದಲೇ ಬಂತು. ಬ್ರಸೆಲ್ಸ್‌ನ ಫ್ರೀ ವಿಶ್ವವಿದ್ಯಾಲಯದ ಡಿ ರೂಸ್ ಮತ್ತು ಸಂಗಡಿಗರು 2019ರಲ್ಲಿ ಪೀಪಾಯಿಗಳ ಒಳಮೈಯನ್ನು ಪರೀಕ್ಷಿಸಿ, ಅದೂ ಹೆಪ್ಪಿನ ಒಂದು ಮೂಲವೆಂದು ತೋರಿಸಿದರು. ತುಂಬುವ ಮೊದಲು ಪೀಪಾಯಿಗಳನ್ನು ತೊಳೆಯುವುದು ನಿಜ. ಕಾಂಟಿಯೋನ್‌ನಲ್ಲಿ ಬಿಸಿನೀರಿನ ಜೊತೆ ಕಬ್ಬಿಣದ ಸರಪಳಿ ಹಾಕಿ ಉರುಳಿಸುತ್ತಾರೆ. ಆದರೆ ಮರ ಗಾಜಿನಂತಲ್ಲ. ಯೀಸ್ಟ್ ಅದರ ರಂಧ್ರಗಳಲ್ಲಿ ಕೆಲವು ಮಿಲಿಮೀಟರ್ ಆಳಕ್ಕೆ ಇಳಿದು ಕುಳಿತಿರುತ್ತದೆ. ಬೇರೇನೂ ಇಲ್ಲದಿದ್ದರೆ ಮರದಿಂದ ಬಿಡುಗಡೆಯಾಗುವ ಸೆಲ್ಲೊಬಯೋಸ್ ಎಂಬ ಸಕ್ಕರೆಯನ್ನೂ ಬ್ರೆಟ್ಟನೊಮೈಸಿಸ್‌ನ ಕೆಲವು ತಳಿಗಳು ತಿನ್ನಬಲ್ಲವು.

ಗಾಳಿಯ ಪಾತ್ರ ಸುಳ್ಳೆಂದು ಇದರರ್ಥವಲ್ಲ. ಗಾಳಿ, ಕಟ್ಟಡ, ಮರ ಮೂರೂ ಪಾಲುದಾರರು. ಮೊದಲ ತಿಂಗಳ ಬ್ಯಾಕ್ಟೀರಿಯಗಳಿಗೆ ತೊಟ್ಟಿಯ ರಾತ್ರಿ ಮುಖ್ಯವಾದರೆ, ವರ್ಷದ ನಂತರದ ಯೀಸ್ಟಿಗೆ ಹಲಗೆಯ ಆಶ್ರಯ ಮುಖ್ಯ ಎಂದು ನನಗನ್ನಿಸುತ್ತದೆ. ಸ್ಯಾಕರೊಮೈಸಿಸ್ ಗಾಳಿಯಲ್ಲಿ ತೇಲಿ ಹರಡುವುದರಲ್ಲಿ ಜಾಣನಲ್ಲ. ಚಳಿಗಾಲವನ್ನು ಅದು ಕಣಜಗಳ ಕರುಳಿನಲ್ಲಿ ಕಳೆಯಬಲ್ಲದೆಂದು 2012ರಲ್ಲಿ ಇಟಲಿಯ ಸಂಶೋಧಕರು ತೋರಿಸಿದ್ದಾರೆ. ಕಾಂಟಿಯೋನ್‌ನಲ್ಲಿ ಮೂಲೆಯ ಜೇಡರಬಲೆಗಳನ್ನು ಗುಡಿಸುವುದಿಲ್ಲ. ಹುಳಿವಾಸನೆಗೆ ಮುತ್ತುವ ಹಣ್ಣುನೊಣಗಳು ಅಸಿಟಿಕ್ ಬ್ಯಾಕ್ಟೀರಿಯಗಳನ್ನು ಹೊತ್ತು ತರುತ್ತವೆ, ಅವನ್ನು ಜೇಡ ಹಿಡಿದು ತಿನ್ನುತ್ತದೆ. ಸ್ವಚ್ಛತೆಯ ಹೆಸರಿನಲ್ಲಿ ಎಲ್ಲವನ್ನೂ ಉಜ್ಜಿ ತೊಳೆದರೆ ಏನನ್ನು ಕಳೆದುಕೊಳ್ಳುತ್ತೇವೆಂದು ಹೇಳುವುದು ಕಷ್ಟ.

ಮೂಲದ ಈ ಪ್ರಶ್ನೆಯನ್ನು ಶಾಲೆಯಲ್ಲೂ ಪರೀಕ್ಷಿಸಬಹುದು. ತೆಳುವಾದ ರಾಗಿ ಗಂಜಿಯನ್ನು ಚೆನ್ನಾಗಿ ಕುದಿಸಿ ಮೂರು ಪಾಲು ಮಾಡಿ. ಒಂದನ್ನು ಬಿಸಿಯಿರುವಾಗಲೇ ಕುದಿನೀರಿನಲ್ಲಿ ತೊಳೆದ ಗಾಜಿನ ಪಾತ್ರೆಗೆ ಹಾಕಿ ಭದ್ರವಾಗಿ ಮುಚ್ಚಿ. ಎರಡನೆಯದನ್ನು ಅಂಥದೇ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಟ್ಟು ಆಮೇಲೆ ಮುಚ್ಚಿ. ಮೂರನೆಯದನ್ನು ಆರಿದ ಮೇಲೆ ಅಂಬಲಿಯನ್ನೋ ಮಜ್ಜಿಗೆಯನ್ನೋ ಇಟ್ಟು ಪಳಗಿದ, ತೊಳೆದ ಮಡಕೆಗೆ ಹಾಕಿ. ಬೆಳಿಗ್ಗೆ, ಸಂಜೆ ಪಿಎಚ್ ಕಾಗದದಿಂದ ಅಳೆದು ನಕ್ಷೆ ಬರೆಯಿರಿ. ಯಾವುದು ಮೊದಲು ಹುಳಿಯಾಗುತ್ತದೆ? ಮೂರನ್ನೂ ರುಚಿ ನೋಡಬಾರದು, ಪ್ರಯೋಗ ಮುಗಿದ ಮೇಲೆ ಚೆಲ್ಲಬೇಕು.

ಬೆಚ್ಚಗಾಗುತ್ತಿರುವ ರಾತ್ರಿಗಳು

ಈ ವ್ಯವಸ್ಥೆಯಲ್ಲಿ ಮನುಷ್ಯನ ಹಿಡಿತಕ್ಕೆ ಸಿಗದ ಒಂದು ಅಂಶವಿದೆ - ರಾತ್ರಿಯ ತಾಪ. ಕಾಂಟಿಯೋನ್‌ನ ಯಜಮಾನ ಜಾನ್ ವಾನ್ ರಾಯ್ ಅವರ ಪ್ರಕಾರ ತೊಟ್ಟಿಯ ರಾತ್ರಿಗೆ ಮೈನಸ್ 3ರಿಂದ 8 ಡಿಗ್ರಿ ಸೆಲ್ಸಿಯಸ್ ಹದವಾದದ್ದು. ಅದಕ್ಕಿಂತ ಬೆಚ್ಚಗಿದ್ದರೆ ರಸ ಬೆಳಗಾಗುವುದರೊಳಗೆ ಸಾಕಷ್ಟು ತಣಿಯುವುದಿಲ್ಲ. ಉಗುರುಬೆಚ್ಚಗಿನ ಸಿಹಿ ರಸದಲ್ಲಿ ಬೇಡದ ಬ್ಯಾಕ್ಟೀರಿಯಗಳಿಗೆ ಹಬ್ಬ. ಆದ್ದರಿಂದಲೇ ಈ ಬಿಯರಿಗೆ ಚಳಿಗಾಲದ ಋತು. ಅವರ ಅಜ್ಜನ ಕಾಲದಲ್ಲಿ ಅಕ್ಟೋಬರ್ ಮಧ್ಯದಿಂದ ಮೇವರೆಗೆ ಕೆಲಸ ನಡೆಯುತ್ತಿತ್ತು, ತಾನು ಜೀವಮಾನದಲ್ಲೇ ಅಷ್ಟು ಉದ್ದದ ಋತುವನ್ನು ಕಂಡಿಲ್ಲ ಎಂದು ಅವರು 2015ರಲ್ಲಿ ಪತ್ರಿಕೆಗಳಿಗೆ ತಿಳಿಸಿದ್ದರು. ಆ ವರ್ಷ ನವೆಂಬರಿನ ರಾತ್ರಿಗಳು ಎಷ್ಟು ಬೆಚ್ಚಗಿದ್ದುವೆಂದರೆ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು.

ರಸವನ್ನು ಯಂತ್ರದಿಂದ ತಣಿಸಬಹುದಲ್ಲ ಎಂದು ವಿದ್ಯಾರ್ಥಿಗಳು ಕೇಳಿಯಾರು. ತಾಪವನ್ನಷ್ಟೇ ನೋಡಿದರೆ ತಣಿಸಬಹುದು. ಆದರೆ ಕೊಳವೆಯಲ್ಲಿ ನಿಮಿಷಗಳಲ್ಲಿ ತಣಿದ ರಸ ಗಾಳಿಯನ್ನೂ ಅಟ್ಟವನ್ನೂ ಮುಟ್ಟಿರುವುದಿಲ್ಲ. ಅದಕ್ಕೆ ಪೀಪಾಯಿಯ ಹಲಗೆಯಿಂದ ಮಾತ್ರ ಹೆಪ್ಪು ಸಿಕ್ಕೀತು. ಸರದಿಯ ಮೊದಲ ಪಾತ್ರಧಾರಿಗಳು ತಪ್ಪಿದರೆ ಮುಂದಿನವರು ಹೇಗೆ ವರ್ತಿಸುತ್ತಾರೆಂದು ತಿಳಿಯಲು ಮೂರು ವರ್ಷ ಕಾಯಬೇಕು. ಪೀಪಾಯಿ ತೆರೆದಾಗ ಕೆಟ್ಟಿದ್ದರೆ ಮೂರು ವರ್ಷದ ದುಡಿಮೆಯೂ ಚರಂಡಿಗೆ. ಸಣ್ಣ ಬ್ರೂವರಿಗೆ ಅಂಥ ಪ್ರಯೋಗ ಮಾಡುವ ಧೈರ್ಯ ಸುಲಭವಲ್ಲ. ಸದ್ಯಕ್ಕೆ ಅವರು ಹವಾಮಾನ ಮುನ್ಸೂಚನೆಯನ್ನು ನೋಡಿ, ಚಳಿಯಿರುವ ರಾತ್ರಿಗಳನ್ನು ಆರಿಸಿ ಒಲೆ ಹೊತ್ತಿಸುತ್ತಾರೆ.